ಪರಿಷೆಯ ಆಟಿಕೆ, ಕಾಯ್ದೆಯ ಹೊಣೆ

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲೋ ಯಾವುದಾದರೂ ಊರ ಜಾತ್ರೆಯಲ್ಲೋ ಸಂಜೆಹೊತ್ತು ಮಿಣಮಿಣ ಎನ್ನುವ ಬುಗುರಿಯೊಂದನ್ನು ಕೊಂಡು ತಿರುಗಿಸಿ ನೋಡಿ. ತಳದಲ್ಲಿ ಪುಟ್ಟ ಮುಚ್ಚಳವಿರುತ್ತದೆ. ಎಷ್ಟೋ ಬುಗುರಿಗಳಲ್ಲಿ ಅದಕ್ಕೆ ಸ್ಕ್ರೂ ಇರುವುದಿಲ್ಲ, ಉಗುರು ತಾಗಿಸಿದರೆ ಸಾಕು, ಒಳಗಿನ ಬಟನ್ ಸೆಲ್‌ಗಳು ಅಂಗೈಗೆ ಬೀಳುತ್ತವೆ. ಮಗು ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಸೋರಬೇಕೆಂದೇನಿಲ್ಲ. ಒದ್ದೆ ಅಂಗಾಂಶದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟಿ ಸುಡತೊಡಗುತ್ತದೆ. ನಾಣ್ಯದಗಲದ ಲಿಥಿಯಂ ಸೆಲ್ ಆದರೆ ಎರಡೇ ಗಂಟೆಯಲ್ಲಿ ಗಾಯ ಆಳಕ್ಕಿಳಿಯಬಹುದು.

ಇದನ್ನು ತಡೆಯಲು ನಮ್ಮಲ್ಲಿ ನಿಯಮವಿಲ್ಲವೆಂದಲ್ಲ. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದೆಹಲಿ ಸುತ್ತಮುತ್ತಲ ಮಾರುಕಟ್ಟೆಯ ಆಮದು ಆಟಿಕೆಗಳನ್ನು ಪರೀಕ್ಷಿಸಿದಾಗ ಶೇ 66.9ರಷ್ಟು ನಪಾಸಾದವು. ಮರುವರ್ಷ ಸುಂಕ ಶೇ 20ರಿಂದ 60ಕ್ಕೇರಿತು, ಆಮೇಲೆ 70ಕ್ಕೆ. 2021ರ ಜನವರಿ 1ರಿಂದ, ಹದಿನಾಲ್ಕು ತುಂಬದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಸೂಚಿಕೆಯ ಸರಕಿಗೆ ವಿನಾಯಿತಿ ಸಿಕ್ಕಿತು. ಅದು ಸರಿಯೇ, ಆಲೆಮರಕ್ಕೆ ಅರಗಿನ ಬಣ್ಣ ಕೊಡುವ ಕುಶಲಕರ್ಮಿಗೆ ಲ್ಯಾಬ್ ಕಟ್ಟಿಕೋ ಎನ್ನುವುದು ಯಾವ ನ್ಯಾಯ? ಆದರೆ ವಿನಾಯಿತಿ ಇರುವುದು ಪರವಾನಗಿಯಿಂದ ಮಾತ್ರ, ಹೊಣೆಯಿಂದಲ್ಲ.

ನನ್ನ ತಕರಾರು ಇಷ್ಟು: ಈ ಏರ್ಪಾಡೆಲ್ಲ ಸರಕನ್ನು ಬಾಗಿಲಲ್ಲಿ ತಡೆಯಲು ಹೆಣೆದದ್ದು. ತಪ್ಪಿಸಿಕೊಂಡು ಒಳಬಂದ ಸರಕು ಮಗುವಿನ ಗಂಟಲಿಗೆ ಇಳಿದ ಮೇಲೆ ಇದರ ದನಿ ಅಡಗುತ್ತದೆ. 2023ರ ಆರಂಭದಲ್ಲಿ ಮಾಲ್, ವಿಮಾನ ನಿಲ್ದಾಣದ ಅಂಗಡಿಗಳಿಂದ 18,600 ಆಟಿಕೆ ಜಪ್ತಿಯಾದವು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಗುರುತಿಲ್ಲದ ಸರಕು ಮಾರಿದ ಮೊದಲ ಅಪರಾಧಕ್ಕೆ ದಂಡ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಆ ದುಡ್ಡು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾನಕ ಬ್ಯೂರೋ ಕಾಯ್ದೆಯ 31ನೇ ಕಲಂ ಗ್ರಾಹಕರಿಗೆ ಪರಿಹಾರ ಕೊಡಿಸಲು ಹೇಳುತ್ತದೆ, ಆದರೆ ಪರವಾನಗಿ ಇದ್ದವನಿಂದ. ಪರವಾನಗಿಯನ್ನೇ ಪಡೆಯದೆ ಮಾರಿದವನು ಅದರ ಕೈಗೆ ಸಿಗುವುದಿಲ್ಲ.

ಉಳಿದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಬರವಣಿಗೆಯಲ್ಲಿ ಇದು ಒಳ್ಳೆಯ ಕಾಯ್ದೆ, ಮೆಚ್ಚಲೇಬೇಕು. ಮಗುವಿನ ಪರವಾಗಿ ತಂದೆತಾಯಿ ದೂರು ಕೊಡಬಹುದು. ಗಾಯದ ಜೊತೆಗೆ ಅದರಿಂದಾದ ಮಾನಸಿಕ ಯಾತನೆಗೂ ಪರಿಹಾರವಿದೆ. 86ನೇ ಕಲಂನಲ್ಲಂತೂ ಬಹಳ ಜಾಣತನವಿದೆ: ತಯಾರಕ ಯಾರೆಂದು ಗೊತ್ತಿಲ್ಲದಿದ್ದರೆ, ಅಥವಾ ಅವನು ನಮ್ಮ ಕಾನೂನಿನ ವ್ಯಾಪ್ತಿಗೆ ಬಾರದವನಾದರೆ, ಮಾರಿದವನೇ ಹೊಣೆ. ಆಮದುದಾರನೂ ಸಗಟು ವ್ಯಾಪಾರಿಯೂ ಈ ‘ಮಾರಾಟಗಾರ’ನಲ್ಲಿ ಸೇರುತ್ತಾರೆ. ಚೀನಾದ ಕಾರ್ಖಾನೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಆದರೆ ಬುಗುರಿ ಕೊಂಡದ್ದು ಎಲ್ಲಿ? ಪರಿಷೆಯಲ್ಲಿ ಟಾರ್ಪಾಲು ಹಾಸಿ ಕೂತವನ ಬಳಿ. ಬಿಲ್ಲಿಲ್ಲ, ಡಬ್ಬಿಯ ಮೇಲೆ ಆಮದುದಾರನ ವಿಳಾಸವಿಲ್ಲ, ನಾಳೆ ಅವನೂ ಅಲ್ಲಿರುವುದಿಲ್ಲ. ಇದ್ದರೂ ಆಸ್ಪತ್ರೆಯ ಖರ್ಚು ಅವನಿಂದ ಹುಟ್ಟೀತೇ? ಕಂಟೇನರ್‌ಗಟ್ಟಲೆ ತರಿಸಿದವನ ಮೇಲೆ ಬೀಳಬೇಕಾದ ಹೊಣೆ, ಕೊಂಡಿ ತಪ್ಪಿದ ಕಡೆಯೆಲ್ಲ ಕೆಳಗೆ ಜಾರಿ ಸರಪಳಿಯ ಬಡವನ ತಲೆಗೆ ಬಂದು ಕೂರುತ್ತದೆ. ಸಾಲದ್ದಕ್ಕೆ, ವಸ್ತುವನ್ನು ದುರುಪಯೋಗ ಮಾಡಿದ್ದರೆ ಮಾರಾಟಗಾರ ಹೊಣೆಯಲ್ಲವೆಂದು 87ನೇ ಕಲಂ ಹೇಳುತ್ತದೆ. ಮುಚ್ಚಳ ಕಿತ್ತು ಬಾಯಿಗಿಡುವುದು ಎರಡು ವರ್ಷದ ಕೂಸಿನ ಮಟ್ಟಿಗೆ ದುರುಪಯೋಗವೋ, ಆಟವೋ? ವಕೀಲರು ವಾದಿಸಲಿ, ನನಗಂತೂ ಅನುಮಾನವಿಲ್ಲ.

ಅಂಗಲಾಚಿ ‘ಬಿಲ್ ಕೇಳಿ ಪಡೆಯಿರಿ’ ಎಂದು ಜಾಹೀರಾತು ಕೊಡುವುದು ಸುಲಭ, ಇಪ್ಪತ್ತು ರೂಪಾಯಿಯ ಬುಗುರಿಗೆ ಯಾರು ಬಿಲ್ ಕೇಳುತ್ತಾರೆ? ಜಪ್ತಿ ಮಾಡುವವರು ಸಂಖ್ಯೆಯ ಜೊತೆಗೆ ಸರಕಿನ ಚಿತ್ರ, ತರಿಸಿದವರ ಹೆಸರು, ಯಾವ ಪರೀಕ್ಷೆಯಲ್ಲಿ ನಪಾಸಾಯಿತು ಎಂಬುದನ್ನೂ ಪ್ರಕಟಿಸಲಿ. ಮನೆಯಲ್ಲಿರುವ ಬುಗುರಿ ಅದೇ ಬಗೆಯದೆಂದು ತೋರಿಸಲು ತಂದೆತಾಯಿಗೆ ಒಂದು ಆಧಾರ ಸಿಕ್ಕರೆ, 86ನೇ ಕಲಂ ಟಾರ್ಪಾಲನ್ನು ದಾಟಿ ಗೋದಾಮಿನವರೆಗೆ ಹೋಗಬಲ್ಲದು.