ಕವಿತೆಯಿಂದ ಕಥೆಗೆ: ತರುಣ ಲೇಖಕರೊಬ್ಬರ ದಾರಿ

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದವನ್ನೇ ದೋಷವಿಚಾರಕ್ಕೆ ಮೀಸಲಿಟ್ಟಿರುವುದು ಗಮನಾರ್ಹವಾದ ಸಂಗತಿ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣದಂತೆ ಕವಿಯು ತನ್ನ ದೋಷವನ್ನು ತಾನು ಕಾಣಲಾರನು; ಆದುದರಿಂದ ತನ್ನ ಕೃತಿಯನ್ನು ಅವನು ಇತರರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ಅದರ ಅಭಿಪ್ರಾಯ. ಒಂಬತ್ತನೆಯ ಶತಮಾನದ ಈ ಮಾತನ್ನು ಹೊರನಾಡಿನ ಕನ್ನಡಿಗರಾದ ನಾವು ಅರ್ಧ ಮಾತ್ರ ನಡೆಸಿಕೊಂಡು ಬಂದಿದ್ದೇವೆ. ತರುಣನೊಬ್ಬನು ಸಂಘದ ಗೋಷ್ಠಿಗೆ ಬರುತ್ತಾನೆ, ನಾಲ್ಕು ಕವಿತೆಗಳನ್ನೂ ಒಂದು ಸಣ್ಣಕಥೆಯನ್ನೂ ಓದುತ್ತಾನೆ. ಕೃತಿಯನ್ನು ಇತರರ ಮುಂದಿಡುವ ತನ್ನ ಪಾಲಿನ ಕರ್ತವ್ಯವನ್ನು ಅವನು ಮುಗಿಸಿದನು. ನಾವೋ, ಮರಾಠಿಯ ನಡುವೆ ಹುಟ್ಟಿ ಇಂಗ್ಲಿಷಿನಲ್ಲಿ ಓದಿಯೂ ಕನ್ನಡದಲ್ಲಿ ಬರೆಯುತ್ತಾನಲ್ಲ ಎಂದು ಸಂತೋಷಪಟ್ಟು, ಹೂಗುಚ್ಛವನ್ನು ಕೊಟ್ಟು, ಉಪಾಹಾರಕ್ಕೆ ಏಳುತ್ತೇವೆ. ಪರೀಕ್ಷೆ ನಡೆಯಲಿಲ್ಲ, ಕಾಡಿಗೆ ಇದ್ದಲ್ಲಿಯೇ ಇದೆ.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ನಮ್ಮಂಥ ನಗರಗಳಲ್ಲಿ ಕನ್ನಡದ ಮುಂದಿನ ಲೇಖಕನು ಹುಟ್ಟುವುದಾದರೆ ಇಂಥ ಗೋಷ್ಠಿಗಳ ಸುತ್ತಲೇ ಹುಟ್ಟಬೇಕು. ಕವಿತೆ, ಕಥೆ ಎರಡನ್ನೂ ಬರೆಯುವ ತರುಣನಿಗೆ ಯಾವ ಬಗೆಯ ವಿಮರ್ಶೆ ಉಪಯುಕ್ತವಾದೀತೆಂಬುದನ್ನು ಒಂದು ನಿದರ್ಶನದ ಮೂಲಕ ನೋಡಬಹುದು.

ಗೋಕರ್ಣದಲ್ಲಿ 1955ರಲ್ಲಿ ಜನಿಸಿದ ಶ್ರೀ ಜಯಂತ ಕಾಯ್ಕಿಣಿಯವರ ಮೊದಲ ಕವನಸಂಗ್ರಹ ‘ರಂಗದಿಂದೊಂದಿಷ್ಟು ದೂರ’ 1974ರಲ್ಲಿ ಪ್ರಕಟವಾಯಿತು. ಅದಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಆಗ ಕವಿಗೆ ಹತ್ತೊಂಬತ್ತು ವರ್ಷ. ಅಷ್ಟು ಎಳೆಯ ವಯಸ್ಸಿನಲ್ಲಿ ಬಂದ ಮನ್ನಣೆ ಎಷ್ಟೋ ಪ್ರತಿಭೆಗಳನ್ನು ಕೆಡಿಸಿದೆ. ಹೊಗಳಿಸಿಕೊಂಡ ಪದ್ಯವನ್ನೇ ತರುಣ ಕವಿ ಮತ್ತೆ ಮತ್ತೆ ಬರೆಯತೊಡಗುತ್ತಾನೆ. ಇಲ್ಲಿ ಹಾಗಾಗಲಿಲ್ಲ. ಎರಡನೆಯ ಸಂಗ್ರಹ ‘ಕೋಟಿತೀರ್ಥ’ ಬಂದದ್ದು 1982ರಲ್ಲಿ. ‘ತೆರೆದಷ್ಟೇ ಬಾಗಿಲು’ ಎಂಬ ಕಥಾಸಂಕಲನವೂ ಆ ವೇಳೆಗೇ ಹೊರಬಿತ್ತು. ಈ ನಡುವೆ ಲೇಖಕರು ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಪಡೆದು, ಮುಂಬಯಿಗೆ ಬಂದು, ಔಷಧದ ಉದ್ದಿಮೆಯಲ್ಲಿ ನೌಕರಿ ಹಿಡಿದಿದ್ದರು. ತಂದೆ ಗೌರೀಶ ಕಾಯ್ಕಿಣಿಯವರಂಥ ಬಹುಶ್ರುತ ವಿಮರ್ಶಕರಿದ್ದ ಮನೆಯಲ್ಲಿ ಬೆಳೆದವರಿಗೆ ಪರೀಕ್ಷಕರ ಕೊರತೆಯಿರಲಿಲ್ಲವೆಂದು ಊಹಿಸುವುದು ತಪ್ಪಾಗಲಾರದು. ನಮ್ಮ ತರುಣರಿಗೆ ಆ ಭಾಗ್ಯವಿಲ್ಲ.

ಕವಿಯಾದವನು ಕಥೆಗಾರನಾದಾಗ ನಮ್ಮ ವಿಮರ್ಶಕರು ಸಿದ್ಧವಾಗಿಟ್ಟುಕೊಂಡಿರುವ ಮಾತು ‘ಕಾವ್ಯಮಯ ಗದ್ಯ’ ಎಂಬುದು. ಇದಕ್ಕಿಂತ ಅಪಾಯಕರವಾದ ಹೊಗಳಿಕೆ ಇನ್ನೊಂದಿಲ್ಲ. ಭಟ್ಟತೌತನು ಕವಿಗೆ ದರ್ಶನ, ವರ್ಣನ ಎರಡೂ ಬೇಕೆಂದನು. ಕಾವ್ಯಮಯವೆನ್ನುವಾಗ ನಾವು ವರ್ಣನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ: ಉಪಮೆ ಎಷ್ಟು, ಸಂಜೆ ಎಷ್ಟು, ಮಳೆ ಎಷ್ಟು. ಕವಿತೆಯಿಂದ ಕಥೆಗೆ ಬರತಕ್ಕದ್ದು ದರ್ಶನ, ಎಂದರೆ ಒಂದು ವಸ್ತುವನ್ನು ಬಿಡದೆ ನೋಡುವ ಶಕ್ತಿ.

ಕಾಯ್ಕಿಣಿಯವರ ಒಳ್ಳೆಯ ಕಥೆಗಳಲ್ಲಿ ನಡೆದಿರುವುದು ಇದೇ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ಮದುವಣಿಗನನ್ನು ಹೊತ್ತ ಕುದುರೆ ಬೆದರಿ ದಿಬ್ಬಣವನ್ನು ಬಿಟ್ಟು ಓಡುತ್ತದೆ. ಯಜ್ಞಾಶ್ವವು ಸಂಚರಿಸಿದ ಭೂಮಿಯೆಲ್ಲ ರಾಜನದು. ಈ ಬಡವರ ಬಾಡಿಗೆಯ ಕುದುರೆ ಓಡಿದ ಓಣಿಗಳಲ್ಲಿ ಒಂದಂಗುಲವೂ ದಗಡೂವಿನದಲ್ಲ. ಶೀರ್ಷಿಕೆಯಲ್ಲಿರುವ ಈ ವ್ಯಂಗ್ಯ ಕವಿಯ ಕೆಲಸ. ಆದರೆ ಕುದುರೆ ಇಲ್ಲಿ ಬರಿಯ ಪ್ರತಿಮೆಯಲ್ಲ. ಅದು ಓಡದಿದ್ದರೆ ಕಥೆಯೇ ಇಲ್ಲ. ‘ಒಪೇರಾ ಹೌಸ್’ ಕಥೆಯ ಇಂದ್ರನೀಲನು ಚಿತ್ರಮಂದಿರವನ್ನು ಗುಡಿಸುವವನು. ಆಟ ಮುಗಿದಮೇಲೆ ಕುರ್ಚಿಗಳ ಕೆಳಗೆ ಜನ ಮರೆತುಹೋದ ಪದಾರ್ಥಗಳು ಅವನ ಕೈಗೆ ಬರುತ್ತವೆ, ಅವುಗಳಲ್ಲಿ ಒಂದು ಥರ್ಮಾಸ್ ಫ್ಲಾಸ್ಕು. ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಹಿಂದುಮುಂದಿಲ್ಲದ ಜೋಡಿಯೊಂದು ತಮ್ಮ ಲಗ್ನಪತ್ರಿಕೆಯ ಒಕ್ಕಣೆಯನ್ನು ಚಿಂತಿಸುತ್ತದೆ, ಹೆಸರಿನ ಮುಂದೆ ಅಡ್ಡಹೆಸರೆಂದು ಏನನ್ನು ಅಚ್ಚು ಹಾಕಿಸುವುದು? ಅನಾಥತೆಯ ಮೇಲೆ ಒಂದು ವಾಕ್ಯದ ಉಪನ್ಯಾಸವೂ ಬೇಕಾಗಿಲ್ಲ. ಲಗ್ನಪತ್ರಿಕೆಯ ಖಾಲಿ ಜಾಗ ಎಲ್ಲವನ್ನೂ ಹೇಳುತ್ತದೆ. ಫ್ಲಾಸ್ಕು, ಪತ್ರಿಕೆ, ಕುದುರೆ, ಮೂರೂ ಕವಿತೆಯಲ್ಲಿ ಪ್ರತಿಮೆಗಳಾಗಬಹುದಾಗಿದ್ದ ವಸ್ತುಗಳು. ಕಥೆಯಲ್ಲಿ ಅವು ಕೈಯಿಂದ ಕೈಗೆ ಸಾಗುತ್ತವೆ, ಕಾಲದಲ್ಲಿ ಚಲಿಸುತ್ತವೆ, ಮನುಷ್ಯರನ್ನು ತೊಂದರೆಗೆ ಸಿಕ್ಕಿಸುತ್ತವೆ. ಮುಂಬಯಿಯ ಈ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿಯನ್ನು ಪಡೆದವು. ಕನ್ನಡದ ಲಯ ಕಳೆದುಹೋದಮೇಲೂ ಉಳಿದದ್ದು ಇದೇ ದರ್ಶನವೆಂದು ನನ್ನ ನಂಬಿಕೆ.

ದೋಷಗಳಿಲ್ಲವೆಂದಲ್ಲ. ಕೆಲವು ಕಥೆಗಳಲ್ಲಿ ಮುಕ್ತಾಯದ ಹೊತ್ತಿಗೆ ಉಪಮೆಗಳು ದಟ್ಟವಾಗಿ, ಪಾತ್ರದ ಸಂಕಟಕ್ಕೆ ಲೇಖಕರೇ ಮುಲಾಮು ಹಚ್ಚಿದಂತೆ ಕಾಣುತ್ತದೆ. ಲೇಖಕರ ಕಾರುಣ್ಯ ದೊಡ್ಡದು, ಆದರೆ ಅದು ಪಾತ್ರವನ್ನು ಬೇಗನೆ ಸಮಾಧಾನಪಡಿಸಿಬಿಡುತ್ತದೆ. ಯಶವಂತ ಚಿತ್ತಾಲರು ಈ ದಾಕ್ಷಿಣ್ಯ ತೋರುವವರಲ್ಲ. ‘ಶಿಕಾರಿ’ಯ (1979) ನಾಗಪ್ಪನಿಗೆ ಆ ಕಾದಂಬರಿ ಯಾವ ಸಾಂತ್ವನವನ್ನೂ ಅಗ್ಗವಾಗಿ ಕೊಡುವುದಿಲ್ಲ. ಹನೇಹಳ್ಳಿಯ ಆ ಮನೆಯಲ್ಲಿ ಅಣ್ಣ ಗಂಗಾಧರರು ಕವಿತೆಯನ್ನೂ ತಮ್ಮ ಯಶವಂತರು ಕಥೆಯನ್ನೂ ಹಂಚಿಕೊಂಡಿದ್ದರೆನ್ನಬಹುದು. ಕಾಯ್ಕಿಣಿಯವರು ಎರಡನ್ನೂ ಒಬ್ಬರೇ ಹೊತ್ತುದರಿಂದ ಒಂದರ ಮಾಧುರ್ಯ ಇನ್ನೊಂದಕ್ಕೆ ಆಗಾಗ ತುಳುಕಿದೆ.

ಚಿಂತೆಯಿರುವುದು ಅನುಕರಣದ ವಿಷಯದಲ್ಲಿ. ಗೋಷ್ಠಿಗಳಲ್ಲಿ ನಾವು ಕೇಳುವ ತರುಣರ ಕಥೆಗಳಲ್ಲಿ ಲೋಕಲ್ ಗಾಡಿ, ಚಾಳು, ಮಳೆ ಇವು ಕಂಡು ಬರೆದ ವಸ್ತುಗಳಾಗಿರದೆ ಓದಿ ಬರೆದವುಗಳಾಗಿವೆ. ಇಪ್ಪತ್ತನೆಯ ಅಂತಸ್ತಿನಲ್ಲಿ ಬೆಳೆದ ಹುಡುಗನ ಕಥೆಯಲ್ಲಿ ಚಾಳಿನ ನಲ್ಲಿಯ ಸರದಿ ಏಕೆ ಬರಬೇಕು? ಅವನ ಮನೆಯ ಲಿಫ್ಟಿನೊಳಗೆ ದಿನವೂ ಎದುರಾಗುವ, ಹೆಸರು ಕೇಳದ ಮುಖಗಳಿಲ್ಲವೇ? ಅಜ್ಜಿಯೊಡನೆ ಕನ್ನಡ, ತಂಗಿಯೊಡನೆ ಹಿಂದಿ ಆಡುವ ನಾಲಗೆಯ ತಡವರಿಕೆ ಅವನ ಸ್ವಂತ ಆಸ್ತಿ. ಅದನ್ನು ಬಿಟ್ಟು ಅವನು ಅಚ್ಚಿನಲ್ಲಿ ಓದಿದ ಉತ್ತರಕನ್ನಡದ ನುಡಿಗಟ್ಟನ್ನು ಎರವಲು ತರುತ್ತಾನೆ. ಇದನ್ನು ಅವನಿಗೆ ಹೇಳುವವರು ಯಾರು? ನಮ್ಮ ಬ್ಯಾಂಕಿನಲ್ಲಿ ಮೂವತ್ತು ವರ್ಷದ ಪರಿಚಯದ ಗಿರಾಕಿ ಚೆಕ್ಕು ತಂದರೂ ನಮೂನೆಯ ಸಹಿಯೊಡನೆ ತಾಳೆ ನೋಡಿಯೇ ಹಣ ಕೊಡುತ್ತೇವೆ, ಗಿರಾಕಿ ಮುನಿಯುವುದಿಲ್ಲ. ಸಹಿ ಅವನದೇ ಹೌದೋ ಎಂಬಷ್ಟನ್ನಾದರೂ ತರುಣನ ಕೃತಿಯಲ್ಲಿ ನೋಡಬಾರದೇ?

ಸಂಘದ ಗೋಷ್ಠಿಯಲ್ಲಿ ಓದಲಿರುವ ಕವಿತೆ, ಕಥೆಗಳ ಪ್ರತಿಗಳನ್ನು ಒಂದು ವಾರ ಮೊದಲೇ ಇಬ್ಬರು ಹಿರಿಯ ಓದುಗರ ಕೈಗೆ ಕೊಟ್ಟು, ಓದು ಮುಗಿದಮೇಲೆ ಅವರಿಗೆ ತಲಾ ಹತ್ತು ನಿಮಿಷಗಳನ್ನು ಕಡ್ಡಾಯವಾಗಿ ಕೊಡುವುದು ಸಾಧ್ಯ. ಅವರು ಯಾವ ಸಾಲು ಏಕೆ ನಿಂತಿತು, ಯಾವುದು ಏಕೆ ಬಿತ್ತು ಎಂಬುದನ್ನು ಪುಟ ತೆರೆದು ತೋರಿಸಲಿ. ಹೂಗುಚ್ಛ ಬೇಡವೆನ್ನುವುದಿಲ್ಲ, ಅದನ್ನು ಆಮೇಲೆ ಕೊಡಬಹುದು.