ಮುದ್ರೆಗಳನ್ನು ಒಡೆಯುವವನು ಯಾರು? ‘ಫಾರ್ ಕ್ರೈ 5’ ಆಟದ ಖಳನಾಯಕನ ಕುರಿತು

ಪ್ರಕಟನೆ ಗ್ರಂಥದ ಏಳು ಮುದ್ರೆಗಳನ್ನು ಕುರಿತ ಬೋಧನೆ ನಮ್ಮ ಪ್ರಸಂಗಪೀಠಗಳಿಂದ ಕೇಳಿಬರುವುದು ಅಪರೂಪ. ಕಷ್ಟದ ಭಾಗವೆಂದು ನಾವು ಅದನ್ನು ಬದಿಗಿಡುತ್ತೇವೆ. ಆದರೆ ನಾವು ಸುಮ್ಮನಿದ್ದ ಮಾತ್ರಕ್ಕೆ ಆ ಗ್ರಂಥ ಸುಮ್ಮನಿರುವುದಿಲ್ಲ. ಬೇರೊಬ್ಬರು ಅದನ್ನು ಕೈಗೆತ್ತಿಕೊಳ್ಳುತ್ತಾರೆ. 2018ರಲ್ಲಿ ಯೂಬಿಸಾಫ್ಟ್ ಸಂಸ್ಥೆಯು ಹೊರತಂದ ‘ಫಾರ್ ಕ್ರೈ 5’ ಎಂಬ ವಿಡಿಯೊ ಗೇಮಿನಲ್ಲಿ ಅದನ್ನು ಕೈಗೆತ್ತಿಕೊಂಡವನು ಜೋಸೆಫ್ ಸೀಡ್ ಎಂಬ ಖಳನಾಯಕ. ನಮ್ಮ ಯುವಜನರು ಆಡುವ ಆಟಗಳಲ್ಲಿ ಇದೂ ಒಂದಾಗಿರಬಹುದಾದ್ದರಿಂದ, ಇದನ್ನು ಹಗುರವಾಗಿ ಖಂಡಿಸುವುದಕ್ಕಿಂತ ಗಮನವಿಟ್ಟು ಪರಿಶೀಲಿಸುವುದು ಯುಕ್ತ.

ಇದು ಮುಕ್ತ ಲೋಕದ ಆಟ. ವಿಶಾಲವಾದ ಪ್ರದೇಶದಲ್ಲಿ ಆಟಗಾರನು ತನಗೆ ಇಷ್ಟಬಂದ ಕಡೆ ಹೋಗಿ, ಇಷ್ಟಬಂದ ಕ್ರಮದಲ್ಲಿ ಬಂದೂಕು ಹಿಡಿದು ಹೋರಾಡುತ್ತಾನೆ. ಇಂಥ ಸ್ವಾತಂತ್ರ್ಯದಲ್ಲಿ ಕಥೆಯ ಎಳೆ ಸಡಿಲವಾಗುವುದು ಸಹಜ. ಅದನ್ನು ಬಿಗಿಹಿಡಿಯುವ ಹೊಣೆ ಖಳನಾಯಕನದಾಗುತ್ತದೆ. ಇದೇ ಸರಣಿಯಲ್ಲಿ 2012ರ ವಾಸ್, 2014ರ ಪೇಗನ್ ಮಿನ್ ಆ ಹೊಣೆಯನ್ನು ಹೊತ್ತವರು. ಅವರಿಬ್ಬರೂ ತಮ್ಮ ಕ್ರೌರ್ಯವನ್ನು ಮುಚ್ಚಿಡುವುದಿಲ್ಲ. ಜೋಸೆಫನು ಬೇರೆ ಬಗೆಯವನು. ಆತನ ದನಿ ಮೃದು. ಆತನ ಬಾಯಲ್ಲಿ ರಕ್ಷಣೆಯ ಮಾತು. ಅಮೆರಿಕದ ಮೊಂಟಾನಾ ರಾಜ್ಯದ ಹೋಪ್ ಕೌಂಟಿ ಎಂಬ ಕಲ್ಪಿತ ಸೀಮೆಯಲ್ಲಿ ಆತನ ಹಿಂಬಾಲಕರು ಆತನನ್ನು ‘ಫಾದರ್’ ಎಂದೇ ಕರೆಯುತ್ತಾರೆ.

ಆತನ ಕೈಕೆಳಗಿನ ಮೂವರಲ್ಲಿ ಒಬ್ಬೊಬ್ಬರೂ ಸೀಮೆಯ ಒಂದೊಂದು ಭಾಗವನ್ನು ಆಳುತ್ತಾರೆ. ಜಾನ್ ದೀಕ್ಷಾಸ್ನಾನದ ಹೆಸರಿನಲ್ಲಿ ಜನರನ್ನು ನೀರಿನಲ್ಲಿ ಮುಳುಗಿಸಿ ಹಿಂಸಿಸುತ್ತಾನೆ, ಪಾಪದ ಅರಿಕೆಯ ಹೆಸರಿನಲ್ಲಿ ಅವರ ಪಾಪವನ್ನು ಮೈಮೇಲೆಯೇ ಬರೆಯುತ್ತಾನೆ. ಜೇಕಬ್ ಬಲಹೀನರನ್ನು ಹೆಕ್ಕಿ ತೆಗೆದುಹಾಕುವುದನ್ನೇ ಶುದ್ಧೀಕರಣವೆನ್ನುತ್ತಾನೆ. ‘ಫೇತ್’, ಅಂದರೆ ವಿಶ್ವಾಸ, ಎಂಬ ಹೆಸರಿನವಳು ಅಮಲಿನ ವಸ್ತುವಿನಿಂದ ಪರಮಾನಂದವನ್ನು ಹಂಚುತ್ತಾಳೆ. ಅದು ಆಕೆಯ ಸ್ವಂತ ಹೆಸರೂ ಅಲ್ಲ. ಆಕೆಗೆ ಮುಂಚೆಯೂ ಆ ಹೆಸರನ್ನು ಹೊತ್ತವರಿದ್ದರು. ಸಭೆಯ ಸಂಸ್ಕಾರಗಳಿಂದ ಕೃಪೆಯನ್ನು ತೆಗೆದುಬಿಟ್ಟರೆ ಉಳಿಯುವುದು ಬಲಾತ್ಕಾರವೇ ಎಂಬುದನ್ನು ಈ ಚಿತ್ರಣವು ಸ್ಪಷ್ಟವಾಗಿ ತೋರಿಸುತ್ತದೆ. ಆಟದ ನಿಜವಾದ ಸಾಧನೆ ಇದು.

ತೊಡಕಿರುವುದು ಅಂತ್ಯದಲ್ಲಿ. ಕೊನೆಯ ಮುಖಾಮುಖಿಯಲ್ಲಿ ಜೋಸೆಫನು ಆಟಗಾರನಿಗೆ ಎರಡು ದಾರಿಗಳನ್ನು ಮುಂದಿಡುತ್ತಾನೆ: ಗೆಳೆಯರನ್ನು ಕರೆದುಕೊಂಡು ಹೊರಟುಹೋಗುವುದು, ಇಲ್ಲವೆ ಎದುರಿಸುವುದು. ಎದುರಿಸಿ ಗೆದ್ದರೆ ಅಣುಬಾಂಬುಗಳು ಬೀಳುತ್ತವೆ. ಆತನು ಮುನ್ನುಡಿದ ವಿನಾಶವು ನಿಜವಾಗುತ್ತದೆ. ನೆಲಮಾಳಿಗೆಯೊಂದರಲ್ಲಿ ಆಟಗಾರನೂ ಆತನೂ ಇಬ್ಬರೇ ಉಳಿಯುತ್ತಾರೆ. ಹಾಗಾದರೆ ಆತನು ಹೇಳಿದ್ದೇ ಸರಿಯಾಯಿತಲ್ಲ ಎಂದು ಆಡಿದವರು ಕೇಳುವುದು ಸಹಜ. ಆಟವು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ದೇವರ ವಾಕ್ಯದಲ್ಲಿ ಉತ್ತರವಿದೆ. ಮುನ್ನುಡಿದ ಗುರುತು ಸಂಭವಿಸಿದರೂ ದೇವರಿಂದ ದೂರಕ್ಕೆ ಸೆಳೆಯುವ ಪ್ರವಾದಿಗೆ ಕಿವಿಗೊಡಬಾರದೆಂದು ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವು ಎಚ್ಚರಿಸುತ್ತದೆ. ಮುನ್ಸೂಚನೆ ಫಲಿಸಿತೆಂಬುದು ಸತ್ಯಪ್ರವಾದನೆಗೆ ಸಾಕಾದ ಸಾಕ್ಷ್ಯವಲ್ಲ. ಫಲಗಳಿಂದಲೇ ಮರವನ್ನು ಗುರುತಿಸಬೇಕೆಂದು ಕರ್ತನು ಕಲಿಸಿದನು (ಮತ್ತಾಯ 7:15–20). ಜೋಸೆಫನು ತನ್ನ ಹಸುಗೂಸನ್ನು ಕೊಂದದ್ದನ್ನು ತಾನೇ ಹೇಳಿಕೊಂಡು, ಅದನ್ನು ದೇವರ ಪರೀಕ್ಷೆಯೆನ್ನುತ್ತಾನೆ. ಮೊರೀಯ ಬೆಟ್ಟದ ಮೇಲೆ ದೇವರು ಅಬ್ರಹಾಮನ ಕೈಯನ್ನು ತಡೆದನು. ಇಲ್ಲಿ ತಡೆಯುವ ದನಿಯನ್ನು ಕೇಳಲು ಆತನು ಕಾಯಲೇ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಪ್ರಕಟನೆ 5ನೆಯ ಅಧ್ಯಾಯದಲ್ಲಿದೆ. ಮುದ್ರೆಗಳನ್ನು ಒಡೆಯಲು ಯೋಗ್ಯನಾದವನು ವಧಿಸಲ್ಪಟ್ಟ ಕುರಿಮರಿ. ತನ್ನನ್ನು ಬಂಧಿಸಲು ಬಂದವರನ್ನು ಕಂಡು ಮೊದಲ ಮುದ್ರೆ ಒಡೆಯಿತೆಂದು ಸಾರುವ ಜೋಸೆಫನು ವಧೆಯಾಗುವವನಲ್ಲ, ವಧಿಸುವವನು. ಕುರಿಮರಿಯ ಗಾಯಗಳಿಲ್ಲದೆ ಆತನ ಅಧಿಕಾರವನ್ನು ಮಾತ್ರ ಬಯಸುವುದೇ ಜೋಸೆಫನ ಸುಳ್ಳಿನ ಬೇರು.

ಆದರೂ ಆಟಕ್ಕೆ ಅದನ್ನು ಬಯಲುಮಾಡುವ ಶಕ್ತಿ ಸಾಲದು. ಏಕೆಂದರೆ ಆಟಗಾರನ ಕೈಗೂ ಅದು ಕೊಡುವುದು ಬಂದೂಕನ್ನೇ. ಜೆರೋಮ್ ಎಂಬ ಸಭಾಪಾಲಕನು ಪ್ರತಿರೋಧದ ಮುಂದಾಳುಗಳಲ್ಲಿ ಒಬ್ಬ. ವಾಕ್ಯವನ್ನು ತಿರುಚಿದವನಿಗೆ ವಾಕ್ಯದಿಂದಲೇ ಎದುರುಕೊಡಬಲ್ಲವನು. ಆದರೆ ಕಥೆಯು ಆತನಿಂದ ಬಯಸುವುದು ಹೋರಾಟವನ್ನೇ ಹೊರತು ಆ ಉತ್ತರವನ್ನಲ್ಲ. ಆರಂಭದಲ್ಲಿ ಜೋಸೆಫನಿಗೆ ಕೈಕೋಳ ತೊಡಿಸದೆ ಆಟಗಾರನು ಸುಮ್ಮನೆ ಕಾದರೆ ಅಧಿಕಾರಿಗಳು ಹಿಂದಿರುಗುತ್ತಾರೆ, ಆಟ ಅಲ್ಲಿಗೇ ಮುಗಿಯುತ್ತದೆ. ಕತ್ತಿಯನ್ನು ಒರೆಗೆ ಹಾಕೆಂದು ಪೇತ್ರನಿಗೆ ಹೇಳಿದ ಕ್ರಿಸ್ತನನ್ನು ಇದು ನೆನಪಿಗೆ ತರಬಹುದು; ಆದರೆ ಹೋಲಿಕೆ ಪೂರ್ಣವಲ್ಲ. ಕ್ರಿಸ್ತನು ಕತ್ತಿಯನ್ನು ನಿರಾಕರಿಸಿ ತನ್ನನ್ನೇ ಒಪ್ಪಿಸಿಕೊಟ್ಟನು. ಇಲ್ಲಿ ಕೊಲ್ಲದವನು ಹಿಂಸೆಗೊಳಗಾದವರನ್ನು ಬಿಟ್ಟು ಹೊರಡುತ್ತಾನೆ. ಕೊಲ್ಲುವುದು, ಹೊರಟುಹೋಗುವುದು ಇವೆರಡರ ಆಚೆಗೆ, ಸಾಕ್ಷಿಯಾಗಿ ನಿಂತು ನೋವುಣ್ಣುವ ಮೂರನೆಯ ದಾರಿ ಈ ಲೋಕದಲ್ಲಿ ಇಲ್ಲ. ಹರಹು ಎಷ್ಟಿದ್ದರೂ ಇದು ಪೂರ್ಣ ಮುಕ್ತವಾದ ಲೋಕವಲ್ಲ.

ಈ ವಿಮರ್ಶೆ ನಮ್ಮತ್ತಲೂ ತಿರುಗಬೇಕು. ಜನರು ನಮ್ಮನ್ನು ‘ಅಯ್ಯನವರೇ’, ‘ಫಾದರ್’ ಎಂದು ಕರೆಯುತ್ತಾರೆ. ತಮ್ಮ ಪಾಪಗಳನ್ನು, ಭಯಗಳನ್ನು ನಮ್ಮ ಮುಂದೆ ಬಿಚ್ಚಿಡುತ್ತಾರೆ. ಆ ಗುಟ್ಟುಗಳು ನಮ್ಮ ಕೈಯಲ್ಲಿ ಅವರಿಗೆ ಬಿಡುಗಡೆಯಾಗುತ್ತವೆಯೋ, ಅವರನ್ನು ಕಟ್ಟುವ ಹಗ್ಗವಾಗುತ್ತವೆಯೋ? ಜೋಸೆಫ್ ಸೀಡ್ ನೆನಪಿನಲ್ಲಿ ಉಳಿಯುವುದು ಆತನು ನಮಗೆ ಅಪರಿಚಿತನೆಂಬ ಕಾರಣಕ್ಕಲ್ಲ. ಆತನು ಆಡುವ ಪದಗಳೆಲ್ಲವೂ ನಾವು ಪ್ರತಿ ಭಾನುವಾರ ಆಡುವ ಪದಗಳೇ.