ಒಂದು ಮೊಳದ ಲೆಕ್ಕ

ಸಿಂಗಟಗೆರೆಯಿಂದ ಹೊರಟು ಬಾಸೂರು ಅಮೃತ ಮಹಲ್ ಕಾವಲಿಗೆ ಮೊನ್ನೆ ಹೋಗಿದ್ದೆ. ಮುನ್ನೂರು ಮೀಟರ್ ಆಚೆ ಗಂಡು ಕೃಷ್ಣಮೃಗವೊಂದು ಕತ್ತೆತ್ತಿ ನಿಂತಿತ್ತು. ನಡುವೆ ಹುಲ್ಲು, ಗಾಳಿ, ಬಿಸಿಲು. ಹಳೇ ಕಾಲದ ಈಡುಗಾರರು ಗುಂಡು ಆರಿಸುವ ವಿದ್ಯೆ ಕಲಿತದ್ದು ಇಂಥ ಬಯಲಿನಲ್ಲೇ.

ಇದೇ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕನ ಕಥೆ ಬರೆದ ಕೆನೆತ್ ಆಂಡರ್ಸನ್ ಅವರ ಮೆಚ್ಚಿನ ಕೋವಿ .405 ವಿಂಚೆಸ್ಟರ್. 300 ಗ್ರೇನ್ ತೂಕದ, ಮೊಂಡು ಮೂತಿಯ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಅಟ್ಟಣೆಯ ಮೇಲಿಂದ, ಹತ್ತಿರದ ಹುಲಿಗೆ ಅದಕ್ಕಿಂತ ನಂಬಿಕೆಯ ಗುಂಡು ಬೇಡ. ಬಯಲಿಗೆ ತಂದರೆ ಮಾತೇ ಬೇರೆ. ಮೊಂಡು ಮೂತಿ ಗಾಳಿಯನ್ನು ಸೀಳುವುದಿಲ್ಲ, ತಳ್ಳುತ್ತದೆ. ಮುನ್ನೂರು ಮೀಟರ್ ಕ್ರಮಿಸಲು ಅರ್ಧ ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ. ಅಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು ಒಂದೂವರೆ ಮೀಟರ್ ಕೆಳಗೆ ಬಿದ್ದಿರುತ್ತದೆ.

ಜಿಮ್ ಕಾರ್ಬೆಟ್ ನೆಚ್ಚಿದ್ದ .275 ರಿಗ್ಬಿಗೆ ಚೂಪು ಮೂತಿಯ 140 ಗ್ರೇನ್ ಗುಂಡು ಹಾಕಿ ನೋಡಿ. ತೂಕ ಅರ್ಧಕ್ಕಿಂತ ಕಡಿಮೆ, ಆದರೆ ಅದೇ ದೂರಕ್ಕೆ ಬೀಳುವುದು ಸುಮಾರು ಮುಕ್ಕಾಲು ಮೀಟರ್ ಮಾತ್ರ. ಅಡ್ಡಗಾಳಿಗೂ ಅಷ್ಟು ಸುಲಭವಾಗಿ ಸರಿಯುವುದಿಲ್ಲ. ಉದ್ದ, ಸಪೂರ, ಹಿಂಬದಿ ಕಿರಿದಾದ ಗುಂಡು ವೇಗವನ್ನು ಕಾಪಾಡಿಕೊಳ್ಳುತ್ತದೆ. ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಅಂದರೆ ಈ ಕಾಪಾಡಿಕೊಳ್ಳುವ ಶಕ್ತಿಯ ಅಳತೆ. ಮೆದುಮೂತಿಯ ಗುಂಡು ಒಳಹೊಕ್ಕು ಅರಳಬೇಕಾದರೆ ಮುಟ್ಟುವಾಗಲೂ ವೇಗ ಉಳಿದಿರಬೇಕು. ವೇಗ ಸತ್ತ ಗುಂಡು ಅರಳದೆ ತೂರಿಹೋಗುತ್ತದೆ. ಪ್ರಾಣಿ ಗಾಯ ಹೊತ್ತು ಓಡಿ, ಎಲ್ಲೋ ನರಳಿ ಸಾಯುತ್ತದೆ.

ಇಷ್ಟೆಲ್ಲ ಸರಿಯಾಗಿ ಆರಿಸಿದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ಚೂಪು ಗುಂಡಿಗೂ ಮುನ್ನೂರು ಮೀಟರ್ ದಾಟಲು 0.4 ಸೆಕೆಂಡು ಬೇಕು. ಅಷ್ಟರಲ್ಲಿ ಸುಮ್ಮನೆ ನಡೆಯುವ ಚಿಗರಿಯೂ ಹತ್ತಿರ ಹತ್ತಿರ ಒಂದು ಮೊಳ ಮುಂದಿರುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಆ ಒಂದು ಮೊಳವನ್ನು ತುಂಬಿಕೊಡುವ ಗುಂಡನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಅದನ್ನು ಬಲ್ಲವನು ಹತ್ತಿರ ಸರಿಯುತ್ತಿದ್ದ, ಇಲ್ಲವೇ ಕೋವಿ ಇಳಿಸುತ್ತಿದ್ದ. ಗುಂಡಿನ ಆಯ್ಕೆ ಶುರುವಾಗಬೇಕಾದದ್ದು ಈ ದೂರದ ತೀರ್ಮಾನದಿಂದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ವಿದ್ಯೆಗೆ ಉಳಿದಿರುವುದು ಶೂಟಿಂಗ್ ರೇಂಜಿನ ಕಾಗದದ ಗುರಿ. ಅದು ಕದಲುವುದಿಲ್ಲ; ಗುಂಡನ್ನೂ ಗಾಳಿಯನ್ನೂ ಅಳೆಯಲು ಅದೇ ಸರಿಯಾದ ಜಾಗ. ಮೊನ್ನೆ ದುರ್ಬೀನಿನಲ್ಲಿ ಕಂಡ ಗಂಡು ಹುಲ್ಲು ಮೇಯುತ್ತ ಒಂದು ಹೆಜ್ಜೆ ಇಟ್ಟಿತು. ಆ ಮೊಳ ಅದರದ್ದೇ.